300 ಗ್ರಾಹಕರು, 60 ಉತ್ತರ: ಬಿಲ್ಲಿಂಗ್ ಸಾಫ್ಟ್‌ವೇರ್ ಸಮೀಕ್ಷೆಯಲ್ಲಿ ಯಾವುದನ್ನು ನಂಬಬೇಕು?

ಗಂಜ್_ಬಿಲ್ಲಿಂಗ್

ಕಲಬುರಗಿ ಗಂಜ್‌ನ (ಧಾನ್ಯ ಮಾರುಕಟ್ಟೆಯ) ಅಡತ್ ಅಂಗಡಿಗಳು, ಅಂದರೆ ಕಮಿಷನ್ ಮೇಲೆ ರೈತರ ಮಾಲು ಮಾರಿಸುವ ಅಂಗಡಿಗಳು, ಸುತ್ತಲಿನ ದಾಲ್ ಮಿಲ್‌ಗಳು, ಬೀದರ್ ಮತ್ತು ಯಾದಗಿರಿ ಕಡೆಯ ಬೀಜ-ಗೊಬ್ಬರದ ಅಂಗಡಿಗಳಿಗೆ ಖಾತೆ ಮತ್ತು ಬಿಲ್ಲಿಂಗ್ ಸಾಫ್ಟ್‌ವೇರ್ ಕೊಡುವ ಸಣ್ಣ ಕಂಪನಿಯ ಪ್ರಶ್ನೆ ಇದು. ಗ್ರಾಹಕರು 300. ಎಲ್ಲರಿಗೂ ವಾಟ್ಸ್‌ಆ್ಯಪ್‌ನಲ್ಲಿ ಫಾರ್ಮ್‌ನ ಲಿಂಕ್ ಹೋಗಿದೆ, 60 ಉತ್ತರ ಬಂದಿವೆ. ಅವರಲ್ಲಿ 48 ಮಂದಿ 'ಚೆನ್ನಾಗಿದೆ' ಎಂದಿದ್ದಾರೆ. 'ಬೇರೆಯವರಿಗೆ ಶಿಫಾರಸು ಮಾಡುವಿರಾ' ಎಂಬ 0–10ರ ಪ್ರಶ್ನೆಗೆ 30 ಜನ 9 ಅಥವಾ 10 ಕೊಟ್ಟಿದ್ದಾರೆ, 18 ಜನ 7 ಅಥವಾ 8, ಉಳಿದ 12 ಜನ 6 ಅಥವಾ ಅದಕ್ಕಿಂತ ಕಡಿಮೆ.

ಬರೆದು ತಿಳಿಸಿದ ಮಾತುಗಳಲ್ಲಿ ಮತ್ತೆ ಮತ್ತೆ ಬಂದವು ಮೂರು: 'ಸ್ಲೋ ಅದ', 'ಕನ್ನಡ ಬೇಕು', 'ಮೊಬೈಲ್ ಆ್ಯಪ್ ಬೇಕು'. ಒಬ್ಬರು ಮಾತ್ರ 'ಎರಡು ದಿನದ ಎಂಟ್ರಿ ಹೋಗಿತ್ತು' ಎಂದು ಬರೆದಿದ್ದಾರೆ. ಹೊಸ ತೊಗರಿ ಆವಕ ಶುರುವಾಗುವ ಮೊದಲು ಇದರಲ್ಲಿ ಯಾವುದನ್ನು ಕೈಗೆತ್ತಿಕೊಳ್ಳಬೇಕು? ಶೇ 80 ಮೆಚ್ಚಿದ್ದಾರೆ ಎಂದು ಹೇಳಿಕೊಳ್ಳಬಹುದೇ?

ಅಂಕಿ_ಲೆಕ್ಕ

ಶೇ 80 ಎನ್ನುವುದು ಉತ್ತರ ಕೊಟ್ಟವರ ಲೆಕ್ಕ, ಗ್ರಾಹಕರ ಲೆಕ್ಕವಲ್ಲ. ಸುಮ್ಮನಿದ್ದ 240 ಅಂಗಡಿಗಳಲ್ಲಿ ಅರ್ಧದಷ್ಟೇ ಮೆಚ್ಚಿದ್ದರೆ 48ಕ್ಕೆ 120 ಕೂಡಿಸಿ 168 ಆಗುತ್ತದೆ. 300ಕ್ಕೆ 168 ಅಂದರೆ ಶೇ 56.

ಇದಕ್ಕೆ ಹಳೆಯ, ಗಟ್ಟಿಯಾದ ಮದ್ದು ಇದೆ. ಸಂಖ್ಯಾಶಾಸ್ತ್ರಜ್ಞರಾದ ಹ್ಯಾನ್ಸೆನ್ ಮತ್ತು ಹರ್ವಿಟ್ಜ್ 1946ರಲ್ಲೇ ಬರೆದದ್ದು: ಉತ್ತರ ಕೊಡದವರ ಪಟ್ಟಿಯಿಂದ ಒಂದು ಸಣ್ಣ ಗುಂಪನ್ನು ಎತ್ತಿಕೊಂಡು, ಅವರನ್ನು ಬಿಡದೆ ಹಿಂಬಾಲಿಸಿ ಉತ್ತರ ಪಡೆಯಿರಿ. ಆ ಉತ್ತರವನ್ನು ಸುಮ್ಮನಿದ್ದ ಇಡೀ ಗುಂಪಿನ ತೂಕಕ್ಕೆ ಲೆಕ್ಕ ಹಿಡಿಯಿರಿ. ನಿಮ್ಮಲ್ಲಿ 240 ಹೆಸರುಗಳನ್ನು ಲೈಸೆನ್ಸ್ ನಂಬರಿನ ಪ್ರಕಾರ ಜೋಡಿಸಿ ಪ್ರತಿ ಹತ್ತನೆಯದನ್ನು ತೆಗೆದರೆ 24 ಅಂಗಡಿ. ಫೋನ್ ಎತ್ತದಿದ್ದರೆ ಅಂಗಡಿಗೇ ಹೋಗಬೇಕು. ಇವರು ಸಿಗಲಿಲ್ಲ ಎಂದು ಪಕ್ಕದ ಅಂಗಡಿಯವರನ್ನು ಕೇಳಿದರೆ ಲೆಕ್ಕ ಕೆಟ್ಟಿತು, ಏಕೆಂದರೆ ಸುಲಭಕ್ಕೆ ಸಿಗುವವರ ಅಭಿಪ್ರಾಯ ನಿಮ್ಮ ಹತ್ತಿರ ಈಗಾಗಲೇ ಇದೆ.

24 ಸಣ್ಣ ಸಂಖ್ಯೆ, ಒಪ್ಪುತ್ತೇನೆ. ಅವರಲ್ಲಿ 12 ಮಂದಿ ಚೆನ್ನಾಗಿದೆ ಎಂದರೆ ಒಟ್ಟು ಅಂದಾಜು ಶೇ 56, ಆಚೀಚೆ 16ರಷ್ಟು ಅಲುಗಾಟ. ಅಂದರೂ ಮೇಲಿನ ಅಂಚು 72ರ ಹತ್ತಿರ ನಿಲ್ಲುತ್ತದೆ. 80 ಸುಳ್ಳು ಎಂದು ತಿಳಿಯಲು ಇಷ್ಟು ಸಾಕು.

ಶಿಫಾರಸಿನ ಅಂಕಕ್ಕೂ ಇದೇ ಎಚ್ಚರಿಕೆ. 9–10 ಕೊಟ್ಟವರು ಶೇ 50, 0–6 ಕೊಟ್ಟವರು ಶೇ 20, ಕಳೆದರೆ ಅಂಕ 30. ಆದರೆ 300ರಲ್ಲಿ 60 ಜನರ ಮೇಲೆ ಕಟ್ಟಿದ ಈ 30ಕ್ಕೆ ಆಚೀಚೆ 18 ಅಲುಗಾಟವಿದೆ. ನಿಜವಾದ ಅಂಕ 12 ಇರಬಹುದು, 48 ಇರಬಹುದು. ಮುಂದಿನ ವರ್ಷ 38 ಬಂದರೆ 'ಎಂಟು ಏರಿತು' ಎಂದು ಬೋರ್ಡಿನ ಮೇಲೆ ಬರೆಯಬೇಡಿ.

ಮುನೀಮರ_ಕಡೆ

ಅಂಕಿ ಮಾತು ಖರೆ ಅದ. ಆದ್ರ ಅದಕ್ಕೂ ಮೊದಲು ಒಂದು ಕೇಳ್ಬೇಕ್ರಿ: ಆ 60 ಫಾರ್ಮ್ ತುಂಬಿದವ್ರು ಯಾರು? ಲಿಂಕ್ ಹೋಗಿದ್ದು ಲೈಸೆನ್ಸ್ ತಗೊಂಡ ನಂಬರಿಗೆ, ಅಂದ್ರ ಮಾಲೀಕರಿಗೆ. ಸಾಫ್ಟ್‌ವೇರ್ ಮುಂದ ದಿನಾ ಕೂಡಾವ ಮುನೀಮ. ಮಾಲೀಕರು ನೋಡೋದು ಸಂಜಿ ಮುಂದ ಒಟ್ಟು ಲೆಕ್ಕ ಮತ್ತ ಬಾಕಿ ಎಷ್ಟದ ಅನ್ನೋದು. ರೈತರ ಪಟ್ಟಿ (ಮಾಲಿನ ಲೆಕ್ಕದ ಚೀಟಿ) ಮಾಡೋದು, ಚೀಲ ಎಣಿಸಿ ತೂಕ ಹಾಕೋದು, ಹಮಾಲಿ ಕಡಿಯೋದು, ಪ್ರಿಂಟ್ ತಗ್ಯೋದು ಎಲ್ಲಾ ಮುನೀಮನ ಕೆಲಸ. ಇವನಿಗೆ ತ್ರಾಸ ಆಗ್ತದ, ಅವ್ರು ಹತ್ತಕ್ಕ ಹತ್ತು ಕೊಡ್ತಾರ. ಮುಂದಿನ ಫಾರ್ಮಿನ್ಯಾಗ ಮೊದಲ ಪ್ರಶ್ನೆನೇ 'ದಿನಾ ಪಟ್ಟಿ ಮಾಡುವವರು ಯಾರು, ಅವರ ನಂಬರ್ ಕೊಡ್ತೀರಾ' ಅಂತಿರಲಿ. ಎರಡೂ ಉತ್ತರ ಬ್ಯಾರೆ ಬ್ಯಾರೆ ಕಾಲಮ್ಮಿನ್ಯಾಗ ಇಡ್ರಿ, ಕೂಡಿಸಿ ಸರಾಸರಿ ತೆಗಿಬ್ಯಾಡ್ರಿ.

0–10ರ ಪ್ರಶ್ನಿ ನಮ್ಮ ಕಡೆ ಇನ್ನೊಂದು ಘೋಟಾಳ ಮಾಡ್ತದ. ನಾವು ಕಲಿಯಾಗ ಸಾಲಿ ಲೆಕ್ಕದಾಗ 35ಕ್ಕ ಪಾಸು ಇತ್ತು, 60ಕ್ಕ ಫಸ್ಟ್ ಕ್ಲಾಸು. 6 ಕೊಟ್ಟವ್ರು 'ಫಸ್ಟ್ ಕ್ಲಾಸ್ ಅದ' ಅಂತ ಕೊಟ್ಟಿರ್ತಾರ, ಸೂತ್ರ ಅವರ್ನ ವಿರೋಧಿ ಲೆಕ್ಕಕ್ಕ ಹಾಕ್ತದ. ಆ 12 ಮಂದ್ಯಾಗ 6 ಕೊಟ್ಟವ್ರು ಎಷ್ಟು, 2 ಕೊಟ್ಟವ್ರು ಎಷ್ಟು ಬಿಡಿಸಿ ನೋಡ್ರಿ. 6 ಕೊಟ್ಟವ್ರಿಗೆ ಫೋನ್ ಮಾಡಿ 'ಏನು ಕಮ್ಮಿ ಆಯ್ತು' ಅಂತ ಕೇಳಿದ್ರ ಭಾಳ ಮಂದಿ 'ಏನಿಲ್ರಿ, ಛಲೋ ಅದ' ಅಂತಾರ.

ಸಪೋರ್ಟ್_ಡೆಸ್ಕ್

'ಸ್ಲೋ ಅದ' ಎನ್ನುವುದು ಒಂದು ದೂರಲ್ಲ, ಕನಿಷ್ಠ ನಾಲ್ಕೈದು ದೂರುಗಳ ಒಟ್ಟು ಹೆಸರು. ಅಷ್ಟನ್ನೂ ಒಂದೇ ಹೆಡ್ಡಿಂಗ್ ಕೆಳಗೆ ಎಣಿಸಿದರೆ ಪ್ರೋಗ್ರಾಮರ್‌ಗೆ ಕೊಡಲು ಕೆಲಸವೇ ಇರುವುದಿಲ್ಲ. ಹಾಗೆ ಬರೆದ ಪ್ರತಿಯೊಬ್ಬರಿಗೂ ಫೋನ್ ಮಾಡಿ ಎರಡೇ ಪ್ರಶ್ನೆ ಕೇಳಿ: ಯಾವ ಬಟನ್ ಒತ್ತಿದ ಮೇಲೆ ಕಾಯುತ್ತೀರಿ? ಒಂದು, ಎರಡು ಎಂದು ಎಣಿಸಿದರೆ ಎಷ್ಟಕ್ಕೆ ತೆರೆಯುತ್ತದೆ?

ರೈತರ ಹೆಸರು ಹುಡುಕುವಾಗ ಕಾಯುತ್ತಾರೆ ಎಂದರೆ ತಪ್ಪು ನಿಮ್ಮದು. ಹೆಸರಿನ ನಡುವಿನ ತುಂಡಿನಿಂದಲೂ ಹುಡುಕಲು ಬಿಟ್ಟಿದ್ದರೆ ಸಾಮಾನ್ಯ ಇಂಡೆಕ್ಸ್ (ಬೇಗ ಹುಡುಕಲು ಡೇಟಾಬೇಸ್ ಇಟ್ಟುಕೊಳ್ಳುವ ಸೂಚಿ) ಕೆಲಸಕ್ಕೆ ಬಾರದು, ಪ್ರತಿ ಸಲ ಇಡೀ ಪಟ್ಟಿಯನ್ನು ಓದಬೇಕಾಗುತ್ತದೆ. ಮೊದಲ ಅಕ್ಷರಗಳಿಂದ ಹುಡುಕಾಟ, ಜೊತೆಗೆ ಊರಿನ ಹೆಸರು ಮತ್ತು ಫೋನ್ ನಂಬರಿನ ಕೊನೆಯ ನಾಲ್ಕು ಅಂಕಿ ಕೊಟ್ಟರೆ ಸರಿಹೋಗುತ್ತದೆ. ಮಲ್ಲಪ್ಪ, ಶರಣಪ್ಪ ಎಂಬ ಹೆಸರಿನವರು ಊರಿಗೆ ಹತ್ತು ಜನ ಸಿಗುವ ಕಡೆ ಬರೀ ಹೆಸರಿನ ಹುಡುಕಾಟ ಹೇಗಿದ್ದರೂ ಸಾಲದು.

ಪ್ರಿಂಟ್ ಕಿಟಕಿ ತೆರೆಯಲು ಹೊತ್ತಾದರೆ ಮೊದಲು ವಿಂಡೋಸ್‌ನ ಪ್ರಿಂಟರ್ ಪಟ್ಟಿ ನೋಡಿ. ತೆಗೆದುಹಾಕಿದ ನೆಟ್‌ವರ್ಕ್ ಪ್ರಿಂಟರ್ ಇನ್ನೂ ಡೀಫಾಲ್ಟ್ ಆಗಿ ಕೂತಿದ್ದರೆ ಅದನ್ನು ಹುಡುಕುವುದರಲ್ಲೇ ಸಮಯ ಹೋಗುತ್ತದೆ. ವರ್ಷದ ಖಾತೆ ವರದಿ ನಿಧಾನವಾದರೆ ಹಳೆಯ ವರ್ಷಗಳೆಲ್ಲ ಒಂದೇ ಫೈಲಿನಲ್ಲಿವೆಯೇ, ಆಂಟಿವೈರಸ್ ಆ ಫೈಲನ್ನು ಪ್ರತಿ ಸಲ ತಡವುತ್ತಿದೆಯೇ ನೋಡಿ. ಎರಡನೇ ಕಂಪ್ಯೂಟರ್‌ನಲ್ಲಿ ಮಾತ್ರ ನಿಧಾನ ಎಂದರೆ ಡೇಟಾ ಫೈಲನ್ನು ವೈಫೈ ಮೇಲೆ ಹಂಚಿಕೊಂಡಿರುತ್ತಾರೆ. ಅಲ್ಲಿ ಒಂದು ನೆಟ್‌ವರ್ಕ್ ಕೇಬಲ್ ಎಳೆದರೆ ಮುಗಿಯಿತು, ಕೋಡ್ ಮುಟ್ಟಬೇಕಿಲ್ಲ.

ಲಿಪಿ_ಮುದ್ರಣ

'ಕನ್ನಡ ಬೇಕು' ಎನ್ನುವುದಕ್ಕೂ ಇದೇ ಪರೀಕ್ಷೆ ಮಾಡಿ. ಪರದೆ ಕನ್ನಡದಲ್ಲಿ ಬೇಕೇ, ಹೆಸರನ್ನು ಕನ್ನಡದಲ್ಲಿ ಟೈಪ್ ಮಾಡಬೇಕೇ, ರೈತನ ಕೈಗೆ ಹೋಗುವ ಪಟ್ಟಿ ಕನ್ನಡದಲ್ಲಿ ಬರಬೇಕೇ? ಮೂರೂ ಬೇರೆ ಬೇರೆ ಕೆಲಸ. ಇಂಗ್ಲಿಷ್ ಕೀಲಿಗಳಲ್ಲಿ ಬೆರಳು ಪಳಗಿದ ಮುನೀಮರು ಪರದೆ ಬದಲಾಯಿಸಿದರೆ ಬೇಸರ ಪಟ್ಟುಕೊಳ್ಳುತ್ತಾರೆ. ಅವರಿಗೆ ಬೇಕಿರುವುದು ಪಟ್ಟಿ. ಬೀದರ್ ಜಿಲ್ಲೆಯ ಭಾಲ್ಕಿ, ಔರಾದ್, ಬಸವಕಲ್ಯಾಣದ ಅಂಗಡಿಗಳಲ್ಲಿ ಮರಾಠಿಯನ್ನೂ ಕೇಳುತ್ತಾರೆ, ಗುರುಮಠಕಲ್ ಕಡೆ ತೆಲುಗು. ಆದ್ದರಿಂದ ಪಟ್ಟಿಯ ಭಾಷೆಯನ್ನು ಅಂಗಡಿಗೆ ಒಂದು ಎಂದು ಕಟ್ಟಬೇಡಿ, ರೈತನ ಖಾತೆಗೆ ಒಂದು ಎಂದು ಇಡಿ.

ಮೇಲಿನವರು ಹೇಳಿದ 'ಸ್ಲೋ' ಮತ್ತು ಈ 'ಕನ್ನಡ' ಒಂದಕ್ಕೊಂದು ಗಂಟುಬಿದ್ದಿವೆ. ಇದನ್ನು ಸಮೀಕ್ಷೆಯ ಹಾಳೆ ತಾನಾಗಿ ಹೇಳುವುದಿಲ್ಲ. ಸಾಮಾನ್ಯ ಥರ್ಮಲ್ ಪ್ರಿಂಟರಿನ ಒಳಗೆ ಕನ್ನಡದ ಅಕ್ಷರ ಇರುವುದಿಲ್ಲ, ಪಟ್ಟಿಯನ್ನು ಚಿತ್ರವಾಗಿ ಕಳಿಸಬೇಕು. 58 ಮಿಲಿಮೀಟರ್ ಕಾಗದದಲ್ಲಿ ಸಾಲಿಗೆ 384 ಚುಕ್ಕಿ, ಅಂದರೆ 48 ಬೈಟ್. ಮಿಲಿಮೀಟರಿಗೆ 8 ಸಾಲು. 20 ಸೆಂಟಿಮೀಟರ್ ಉದ್ದದ ಪಟ್ಟಿಗೆ 1,600 ಸಾಲು, ಒಟ್ಟು 76,800 ಬೈಟ್. ಹಳೆಯ ಸೀರಿಯಲ್ ಕೇಬಲ್ 9600 ವೇಗದಲ್ಲಿದ್ದರೆ ಸೆಕೆಂಡಿಗೆ 960 ಬೈಟ್ ಮಾತ್ರ ಹೋಗುತ್ತದೆ, ಒಂದು ಪಟ್ಟಿಗೆ 80 ಸೆಕೆಂಡು! ಅದೇ ಪಟ್ಟಿ ಇಂಗ್ಲಿಷಿನಲ್ಲಿ ಸಾಲಿಗೆ 32 ಅಕ್ಷರದಂತೆ 40 ಸಾಲಿದ್ದರೆ 1,280 ಬೈಟ್, ಒಂದೂವರೆ ಸೆಕೆಂಡೂ ಬೇಡ. ಕೇಬಲ್ ವೇಗವನ್ನು ಪ್ರಿಂಟರಿನಲ್ಲೂ ಕಂಪ್ಯೂಟರಿನಲ್ಲೂ 115200ಕ್ಕೆ ಏರಿಸಿದರೆ ಕನ್ನಡದ ಪಟ್ಟಿ ಏಳು ಸೆಕೆಂಡಿಗೆ ಇಳಿಯುತ್ತದೆ. ಯುಎಸ್‌ಬಿ ಇದ್ದರೆ ಈ ಗೊಡವೆಯೇ ಇಲ್ಲ.

ಹೆಸರು, ಊರು, ಮಾಲಿನ ಸಾಲುಗಳನ್ನಷ್ಟೇ ಚಿತ್ರವಾಗಿಸಿ ಅಂಕಿಗಳ ಸಾಲನ್ನು ಅಕ್ಷರವಾಗಿಯೇ ಕಳಿಸುವ ದಾರಿಯೂ ಇದೆ. ಆಗ ಎರಡರ ಎತ್ತರ ಹೊಂದಿಸುವುದನ್ನು ಮರೆಯಬೇಡಿ, ಸಾಲಿನ ಅಂತರ ಕಡಿಮೆಯಾದರೆ ಒತ್ತಕ್ಷರದ ಬಾಲ ಕತ್ತರಿಸಿ ಹೋಗುತ್ತದೆ, 'ಸಿದ್ದಪ್ಪ' 'ಸಿದಪ' ಆಗುತ್ತಾನೆ. ಹೆಸರು ಕೆಟ್ಟ ಪಟ್ಟಿಯನ್ನು ರೈತ ಒಪ್ಪುವುದಿಲ್ಲ, ಒಪ್ಪಲೂಬಾರದು.

ಇನ್ನೊಂದು, ಹಳೆಯ ಡೇಟಾದಲ್ಲಿ ನುಡಿ ಅಥವಾ ಬರಹ ತಂತ್ರಾಂಶದ ಹಳೆ ಫಾಂಟ್‌ಗಳಲ್ಲಿ ಹೊಡೆದ ಹೆಸರುಗಳಿದ್ದರೆ ಅವು ಯೂನಿಕೋಡ್ ಅಲ್ಲ. ಮೊದಲು ಪರಿವರ್ತಿಸಿ, ಅರ್ಕಾವತ್ತು ಇರುವ ಹೆಸರುಗಳನ್ನು ಒಂದೊಂದಾಗಿ ಕಣ್ಣಿನಿಂದ ನೋಡಿ.

ಗಂಜ್_ಬಿಲ್ಲಿಂಗ್

ಸ್ಲೋ ಎಂದವರಿಗೆ ಫೋನ್ ಮಾಡುವ ಪಟ್ಟಿ ಸಿದ್ಧವಾಗುತ್ತಿದೆ. ಎರಡು ಉಳಿದವು. 'ಎಂಟ್ರಿ ಹೋಗಿತ್ತು' ಎಂದದ್ದು ಒಬ್ಬರೇ, ಮೊಬೈಲ್ ಆ್ಯಪ್ ಕೇಳಿದವರು ಬಹಳ. ಸಂಖ್ಯೆ ನೋಡಿದರೆ ಆ್ಯಪ್ ಮೊದಲು ಎನಿಸುತ್ತದೆ.

ಅಂಕಿ_ಲೆಕ್ಕ

ಸಂಖ್ಯೆ ನೋಡಿದರೂ ಹಾಗಿಲ್ಲ. 60ರಲ್ಲಿ ಒಬ್ಬರೂ ಹೇಳದೆ ಇದ್ದಿದ್ದರೂ ಸಮಸ್ಯೆ ಇಲ್ಲ ಎಂದು ಹೇಳಲಾಗದು. ಮೂರನ್ನು ಉತ್ತರಗಳ ಸಂಖ್ಯೆಯಿಂದ ಭಾಗಿಸುವ ಸರಳ ನಿಯಮವಿದೆ: 3 ಭಾಗಿಸು 60, ಶೇ 5. ಅಂದರೆ ಸೊನ್ನೆ ದೂರು ಬಂದಾಗಲೂ 300ರಲ್ಲಿ 15 ಅಂಗಡಿಗಳಲ್ಲಿ ಅದು ಇರಬಹುದು. ಇಲ್ಲಿ ಒಬ್ಬರು ಹೇಳಿಯೇಬಿಟ್ಟಿದ್ದಾರೆ. ಖಾತೆ ಸಾಫ್ಟ್‌ವೇರಿನಲ್ಲಿ ಎಂಟ್ರಿ ಕಾಣೆಯಾಗುವುದನ್ನು ಮತ ಎಣಿಸಿ ತೀರ್ಮಾನಿಸಬಾರದು. ಇಂಥ ದೂರು ಬಂದ ದಿನವೇ ಸಮೀಕ್ಷೆಯ ಪಟ್ಟಿಯಿಂದ ಹೊರಗೆ ತೆಗೆದು ಕೆಲಸದ ಪಟ್ಟಿಯ ತಲೆಗೆ ಹಾಕಿ.

ಸಪೋರ್ಟ್_ಡೆಸ್ಕ್

ಪೂರ್ತಿ ಒಪ್ಪಿಗೆ. ಹುಡುಕುವಾಗ ಈ ಕ್ರಮ ಹಿಡಿಯಿರಿ. 'ಎರಡು ದಿನ' ಎಂಬ ಮಾತೇ ಸುಳಿವು. ಕರೆಂಟ್ ಹೋಗಿ ಡೇಟಾ ಹಾಳಾದರೆ ಕಳೆಯುವುದು ಕೊನೆಯ ಕೆಲವು ಎಂಟ್ರಿ, ಇಲ್ಲವೇ ಫೈಲೇ ತೆರೆಯುವುದಿಲ್ಲ. ಸರಿಯಾಗಿ ಎರಡು ದಿನ ಕಾಣೆಯಾದರೆ ಅವು ಬೇರೆಲ್ಲೋ ಕೂತಿರುವ ಸಾಧ್ಯತೆ ಹೆಚ್ಚು.

ಮೊದಲು ಕಂಪ್ಯೂಟರಿನ ತಾರೀಖು. ಮದರ್‌ಬೋರ್ಡಿನ ಗುಂಡಿ ಬ್ಯಾಟರಿ ಸತ್ತಿದ್ದರೆ ಕರೆಂಟ್ ಹೋಗಿ ಬಂದಾಗ ತಾರೀಖು ವರ್ಷಗಳ ಹಿಂದಕ್ಕೆ ಹೋಗುತ್ತದೆ, ಆ ದಿನದ ಪಟ್ಟಿಗಳೆಲ್ಲ ಹಳೆಯ ತಾರೀಖಿನಲ್ಲಿ ಬೀಳುತ್ತವೆ. ಈ ತಿಂಗಳ ವರದಿ ತೆಗೆದರೆ ಕಾಣುವುದಿಲ್ಲ. ಸಿಆರ್ 2032 ಬ್ಯಾಟರಿ ಬದಲಿಸಿ, ಮತ್ತು ಕೊನೆಯ ಬಿಲ್ಲಿಗಿಂತ ಹಿಂದಿನ ತಾರೀಖು ಬಂದರೆ ಸಾಫ್ಟ್‌ವೇರ್ ನಿಂತು ಕೇಳುವಂತೆ ಮಾಡಿ. ಏಪ್ರಿಲ್ ಮೊದಲ ವಾರದ ಎಂಟ್ರಿಗಳಾದರೆ ಹಳೆಯ ಆರ್ಥಿಕ ವರ್ಷದ ಖಾತೆಯಲ್ಲಿ ಹುಡುಕಿ. ಆಮೇಲೆ ಹಳೆಯ ಬ್ಯಾಕಪ್ ಅನ್ನು ಯಾರಾದರೂ ಮರುಸ್ಥಾಪಿಸಿದ್ದಾರೆಯೇ ಎಂದು ಲಾಗ್ ನೋಡಿ. ಲಾಗ್ ಇಲ್ಲದಿದ್ದರೆ ಈ ವಾರವೇ ಸೇರಿಸಿ.

ಕೊನೆಗೆ ಡೇಟಾಬೇಸ್. ಎಸ್‌ಕ್ಯೂಲೈಟ್ (ಒಂದೇ ಫೈಲಿನ ಡೇಟಾಬೇಸ್) ಬಳಸಿ ವಾಲ್ ಮೋಡ್‌ನಲ್ಲಿ (ಬದಲಾವಣೆಯನ್ನು ಮೊದಲು ಬೇರೆ ಲಾಗ್ ಫೈಲಿಗೆ ಬರೆಯುವ ಕ್ರಮದಲ್ಲಿ) ಸಿಂಕ್ರೊನಸ್ ಎಂಬ ಸೆಟ್ಟಿಂಗ್ ಅನ್ನು ನಾರ್ಮಲ್‌ಗೆ ಇಟ್ಟಿದ್ದರೆ ಕರೆಂಟ್ ಹೋದಾಗ ಫೈಲ್ ಕೆಡುವುದಿಲ್ಲ, ಆದರೆ 'ಸೇವ್ ಆಯಿತು' ಎಂದು ತೋರಿಸಿದ ಕೊನೆಯ ಎಂಟ್ರಿಗಳು ಹೋಗಬಹುದು. ಫುಲ್‌ಗೆ ಇಡಿ. ಆ ಫೈಲನ್ನು ನೆಟ್‌ವರ್ಕ್ ಫೋಲ್ಡರಿನಲ್ಲಿಟ್ಟು ಎರಡು ಕಂಪ್ಯೂಟರಿನಿಂದ ತೆರೆಯುವುದನ್ನು ಇವತ್ತೇ ನಿಲ್ಲಿಸಿ. ವಾಲ್ ಮೋಡ್ ನೆಟ್‌ವರ್ಕ್ ಫೋಲ್ಡರಿನ ಮೇಲೆ ನಡೆಯುವುದೇ ಇಲ್ಲ.

ಮುನೀಮರ_ಕಡೆ

ಆ್ಯಪಿನ ಮಾತು. ಕೇಳಿದವ್ರು ಮಾಲೀಕರು ಅನ್ನೋದು ಗ್ಯಾರಂಟಿ ಮಾಡ್ಕೊಳ್ರಿ. ಅವ್ರಿಗೆ ಫೋನಿನ್ಯಾಗ ಪಟ್ಟಿ ಮಾಡೋದು ಬೇಕಾಗಿಲ್ಲ. 'ಹ್ವಾದ ವಾರ ಅಂಗಡಿಯಿಂದ ಹೊರಗಿದ್ದಾಗ ಯಾವ ಲೆಕ್ಕ ಬೇಕಾಗಿತ್ತು? ಆಗ ಏನು ಮಾಡಿದ್ರಿ?' ಅಂತ ಕೇಳ್ರಿ. 'ಮುನೀಮಗ ಫೋನ್ ಮಾಡಿ ಇವತ್ತಿನ ಒಟ್ಟು ಕೇಳಿದೆ' ಅಂದ್ರ ಸಂಜಿ ಏಳಕ್ಕ ಒಂದು ಪುಟದ ಲೆಕ್ಕ ವಾಟ್ಸ್‌ಆ್ಯಪಿಗೆ ಹ್ವಾದ್ರ ಸಾಕು: ಬಂದ ಚೀಲ, ಒಟ್ಟು ಕ್ವಿಂಟಲ್, ಕೊಟ್ಟ ರೊಕ್ಕ, ಬಾಕಿ. ಅದಕ್ಕ ಹದಿನೈದು ದಿನದ ಕೆಲಸ ಬೇಕು. ಆ್ಯಪಿಗೆ ಆರು ತಿಂಗಳು.

ಬೇಡಿಕೆ ಅಳಿಯಾಕ ಫಾರ್ಮಿನ್ಯಾಗ 'ಯಾವುದು ಮುಖ್ಯ' ಅಂತ ಕೇಳಿದ್ರ ಎಲ್ಲಾದಕ್ಕೂ ಟಿಕ್ ಹಾಕ್ತಾರ. ಅಂಗಡಿಗೆ ಹೋಗಿ ನಾಕು ಹಾಳಿ ಇಡ್ರಿ: ಜಲ್ದಿ ಹುಡುಕೋದು, ಕನ್ನಡ ಪಟ್ಟಿ, ಸಂಜಿ ಲೆಕ್ಕ, ಆ್ಯಪ್. ಕೈಯಾಗ ಹತ್ತು ತೊಗರಿ ಕಾಳು ಕೊಡ್ರಿ, ಹಂಚ್ರಿ ಅನ್ರಿ. ಹಳ್ಳಿ ಸಮೀಕ್ಷೆ ಮಾಡಾವ್ರು ಬೀಜ ಹಿಡಿದು ಮಾಡೋ ಪದ್ಧತಿನೇ ಇದು. ಒಂದಕ್ಕ ಹಾಕಿದ್ರ ಇನ್ನೊಂದಕ್ಕ ಕಮ್ಮಿ ಆಗ್ತದ, ಅದಕ್ಕ ವಿಚಾರ ಮಾಡಿ ಹಾಕ್ತಾರ. ಹಾಕುವಾಗ ಬಾಯಿಲೆ ಏನಂತಾರ, ಕಾಳಿನಕಿಂತ ಅದನ್ನ ಬರ್ಕೊಳ್ರಿ. ಮಾಲೀಕರು ಮತ್ತ ಮುನೀಮ ಒಟ್ಟಿಗೆ ಇದ್ರ ಮುನೀಮನ್ನ ಮೊದಲು ಕೇಳ್ರಿ, ಮಾಲೀಕರು ಹಾಕಿದ ಮ್ಯಾಲ ಅವ ಬ್ಯಾರೆ ಕಡಿ ಹಾಕೂದಿಲ್ಲ.

ಕೌಂಟರ್_ಪಕ್ಕ

ಇಷ್ಟೆಲ್ಲ ಕೇಳುವ ಬದಲು ನಾಲ್ಕು ಅಂಗಡಿಯಲ್ಲಿ ಅರ್ಧ ದಿನ ಕೂತು ನೋಡಿದರೆ ಹೆಚ್ಚು ತಿಳಿಯುತ್ತದೆ ಎಂಬುದು ನನ್ನ ವಾದ. ಜನ ತಮಗೆ ರೂಢಿಯಾದ ತೊಂದರೆಯನ್ನು ಹೇಳುವುದಿಲ್ಲ. ಕೀಬೋರ್ಡಿನ ಪಕ್ಕ ಅಂಟಿಸಿದ ಚೀಟಿ, ಕ್ಯಾಲ್ಕುಲೇಟರಿನಲ್ಲಿ ಮತ್ತೆ ಕೂಡಿಸಿ ನೋಡುವುದು, ಸಾಫ್ಟ್‌ವೇರ್ ಇದ್ದೂ ಕೆಂಪು ಬಟ್ಟೆಯ ಖಾತೆ ಪುಸ್ತಕದಲ್ಲಿ ಬರೆಯುವುದು — ಇವುಗಳಲ್ಲಿ ಒಂದೊಂದೂ ಒಂದು ದೂರು. ಯಾವ ಫಾರ್ಮಿನಲ್ಲೂ ಇವು ಬರುವುದಿಲ್ಲ.

ಒಂದು ಉದಾಹರಣೆ. ದಾಲ್ ಮಿಲ್‌ನವರು 'ಒಂದೇ ಬೇಳೆಗೆ ಎರಡು ರೇಟ್ ಇಡಲು ಬರುವುದಿಲ್ಲ' ಎಂದು ಬರೆದರೆ ಅದು ಬೆಲೆಯ ಮಾತಿನಂತೆ ಕಾಣುತ್ತದೆ. ಕೂತು ನೋಡಿದರೆ ತೆರಿಗೆಯ ಮಾತು. 2022ರ ಜುಲೈ 18ರಿಂದ 25 ಕಿಲೋವರೆಗಿನ, ಪ್ಯಾಕ್ ಮಾಡಿ ಲೇಬಲ್ ಹಚ್ಚಿದ ಬೇಳೆಗೆ ಶೇ 5 ಜಿಎಸ್‌ಟಿ ಇದೆ, ಅದಕ್ಕಿಂತ ದೊಡ್ಡ ಚೀಲಕ್ಕೆ ಇಲ್ಲ. ಒಂದೇ ತೊಗರಿ ಬೇಳೆ, 10 ಕಿಲೋ ಪ್ಯಾಕಿಗೆ ತೆರಿಗೆ, 50 ಕಿಲೋ ಚೀಲಕ್ಕೆ ತೆರಿಗೆ ಇಲ್ಲ. ತೆರಿಗೆಯನ್ನು ಮಾಲಿಗೆ ಕಟ್ಟಿದ್ದರೆ ಮುನೀಮ ಒಂದೇ ಬೇಳೆಯನ್ನು ಎರಡು ಹೆಸರಿನಲ್ಲಿ ಇಟ್ಟುಕೊಳ್ಳಬೇಕಾಗುತ್ತದೆ, ಸ್ಟಾಕ್ ಎರಡು ಹೋಳಾಗುತ್ತದೆ. ತೆರಿಗೆಯನ್ನು ಪ್ಯಾಕಿಗೆ ಕಟ್ಟಬೇಕು.

ಅಂಕಿ_ಲೆಕ್ಕ

ನೋಡುವುದರಿಂದ ಏನು ನಡೆಯುತ್ತಿದೆ ಎಂದು ತಿಳಿಯುತ್ತದೆ, ಎಷ್ಟು ಕಡೆ ನಡೆಯುತ್ತಿದೆ ಎಂದು ತಿಳಿಯುವುದಿಲ್ಲ. ನಾಲ್ಕು ಅಂಗಡಿಯಲ್ಲಿ ಕಂಡದ್ದನ್ನು ಪ್ರಶ್ನೆಯಾಗಿ ಮಾಡಿ ಉಳಿದವರನ್ನು ಕೇಳಿ: 'ಕಳೆದ ವಾರ ಒಂದು ಬಿಲ್ಲನ್ನಾದರೂ ಕ್ಯಾಲ್ಕುಲೇಟರಿನಲ್ಲಿ ಮತ್ತೆ ಕೂಡಿಸಿದಿರಾ?' ಹೌದು ಅಥವಾ ಇಲ್ಲ. ಆಚೀಚೆ 10ರ ಅಂದಾಜು ಸಾಕಾದರೆ 300ರಲ್ಲಿ 73 ಅಂಗಡಿ ಬೇಕು. 5ರ ಅಂದಾಜು ಬೇಕೆಂದರೆ 169. ಸಣ್ಣ ಕಂಪನಿಗೆ 73 ಧಾರಾಳ.

ಇನ್ನೂ ಒಂದು ಗುಂಪನ್ನು ಯಾರೂ ಹೆಸರಿಸಿಲ್ಲ. ಬಿಟ್ಟುಹೋದವರು. 300 ಎಂಬ ಪಟ್ಟಿಯಲ್ಲೇ ಅವರಿಲ್ಲ. ಕಳೆದ ವರ್ಷ ಲೈಸೆನ್ಸ್ ನವೀಕರಿಸದವರನ್ನು ಬೇರೆ ತೆಗೆದು ಕೇಳಿ: 'ನಿಲ್ಲಿಸಿದ ದಿನ ಏನಾಗಿತ್ತು? ಈಗ ಪಟ್ಟಿ ಯಾವುದರಲ್ಲಿ ಮಾಡುತ್ತೀರಿ?' 'ಯಾಕೆ ಬಿಟ್ಟಿರಿ' ಎಂದು ಕೇಳಿದರೆ 'ರೇಟ್ ಜಾಸ್ತಿ' ಎಂದು ಮುಗಿಸುತ್ತಾರೆ, ಅದು ಹೇಳಲು ಸುಲಭವಾದ ಉತ್ತರ.

ಗಂಜ್_ಬಿಲ್ಲಿಂಗ್

ಹೊಸ ಪ್ರಶ್ನಾವಳಿಯ ಕರಡು, ಮುನೀಮರಿಗೆ. ತಪ್ಪಿದ್ದರೆ ತಿದ್ದಿ.

1. ದಿನಾ ಪಟ್ಟಿ ಮಾಡುವವರು ನೀವೇನಾ?
2. ನಿನ್ನೆ ಪಟ್ಟಿ ಮಾಡುವಾಗ ಎಲ್ಲಿಯಾದರೂ ಕಾಯಬೇಕಾಯಿತೇ? ಎಲ್ಲಿ?
3. ಕಳೆದ ವಾರ ಸಾಫ್ಟ್‌ವೇರ್ ಬಿಟ್ಟು ಕೈಯಿಂದ ಬರೆದ ಲೆಕ್ಕ ಯಾವುದು?
4. ನಮ್ಮ ಸಪೋರ್ಟ್ ಬೇಗ ಸಿಕ್ಕು ಸಮಸ್ಯೆ ಬಗೆಹರಿಯಿತೇ?
5. ಎಂಟ್ರಿ ಕಾಣೆಯಾದದ್ದು ಉಂಟೇ? ಯಾವ ತಿಂಗಳು?
6. ಈ ಸಾಫ್ಟ್‌ವೇರ್ ನಾಳೆಯಿಂದ ಇಲ್ಲವಾದರೆ ಏನು ಮಾಡುತ್ತೀರಿ?

ಡಿಸೆಂಬರ್‌ನಲ್ಲಿ ಎಸ್‌ಎಂಎಸ್ ಮೂಲಕ ಕಳಿಸುವ ಯೋಚನೆ ಇದೆ.

ಮುನೀಮರ_ಕಡೆ

ಡಿಸೆಂಬರ್ ಬ್ಯಾಡ್ರಿ. ಡಿಸೆಂಬರಿಂದ ಫೆಬ್ರುವರಿತನಕ ತೊಗರಿ ಬರ್ತದ, ಮುನೀಮಗ ಊಟಕ್ಕ ಟೈಮ್ ಇರೂದಿಲ್ಲ. ಮಾರ್ಚ್‌ನ್ಯಾಗ ವರ್ಷದ ಲೆಕ್ಕ, ಶರಣಬಸವೇಶ್ವರ ಜಾತ್ರಿ. ಆಗಸ್ಟ್–ಸೆಪ್ಟೆಂಬರ್ ಛಲೋ. ಅದರಾಗೂ ಜಿಎಸ್‌ಟಿ ರಿಟರ್ನ್ ತುಂಬೋದದ: 11ನೇ ತಾರೀಖು ಜಿಎಸ್‌ಟಿಆರ್-1, 20ಕ್ಕ 3ಬಿ. ಅವುಗಳ ಹಿಂದಿನ ಮೂರು ದಿನ ಬಿಟ್ಟು ಕಳಸ್ರಿ. ಮಧ್ಯಾಹ್ನ ಟೆಂಡರ್ (ಮಾಲಿಗೆ ರೇಟ್ ಕೂಗೋದು) ಮುಗಿದ ಮ್ಯಾಲ ಫೋನ್ ಮಾಡ್ರಿ. ಟೈಪ್ ಮಾಡ್ರಿ ಅನ್ನಬ್ಯಾಡ್ರಿ, ವಾಟ್ಸ್‌ಆ್ಯಪಿನ್ಯಾಗ ದನಿ ಕಳಸ್ರಿ ಅನ್ರಿ. ಕನ್ನಡ, ಉರ್ದು, ಯಾವುದ್ರಾಗ ಬೇಕಾದ್ರೂ ಮಾತಾಡ್ತಾರ.

ಲಿಪಿ_ಮುದ್ರಣ

ಎಸ್‌ಎಂಎಸ್ ಕಳಿಸುವುದೇ ಆದರೆ ಉದ್ದ ನೋಡಿಕೊಳ್ಳಿ. ಕನ್ನಡದ ಒಂದು ಎಸ್‌ಎಂಎಸ್‌ಗೆ 70 ಸಂಕೇತ, ದಾಟಿದರೆ ತುಂಡಿಗೆ 67. ಕಣ್ಣಿಗೆ ಕಾಣುವ ಅಕ್ಷರ ಬೇರೆ, ಸಂಕೇತ ಬೇರೆ: 'ಸ್ತ್ರೀ' ಒಂದೇ ಅಕ್ಷರದಂತೆ ಕಂಡರೂ ಆರು ಸಂಕೇತ. ಲಿಂಕ್ ಸೇರಿದರೆ ಎರಡು ತುಂಡಿಗೆ ದುಡ್ಡು ಹೋಗುತ್ತದೆ. ಪಠ್ಯವನ್ನು ಡಿಎಲ್‌ಟಿಯಲ್ಲಿ (ಟೆಲಿಕಾಂ ಕಂಪನಿಗಳ ಎಸ್‌ಎಂಎಸ್ ನೋಂದಣಿ ವ್ಯವಸ್ಥೆ) ಮೊದಲೇ ನೋಂದಾಯಿಸಿರಬೇಕು. ನೋಂದಾಯಿಸಿದ್ದಕ್ಕೂ ಕಳಿಸಿದ್ದಕ್ಕೂ ಪದ ಬದಲಾದರೆ ಸಂದೇಶ ತಲುಪುವುದೇ ಇಲ್ಲ.

ಸಪೋರ್ಟ್_ಡೆಸ್ಕ್

ನಾಲ್ಕನೇ ಪ್ರಶ್ನೆ ಒಡೆಯಿರಿ. ಅದರಲ್ಲಿ ಎರಡು ಪ್ರಶ್ನೆಗಳಿವೆ, ಬೇಗ ಸಿಕ್ಕು ಬಗೆಹರಿಯದಿದ್ದವರು ಏನು ಬರೆಯಬೇಕು? '4. ಕೊನೆಯ ಸಲ ಫೋನ್ ಮಾಡಿದಾಗ ಎಷ್ಟನೇ ಕರೆಗೆ ಸಿಕ್ಕಿತು?' '5. ಆ ತೊಂದರೆ ಮತ್ತೆ ಬಂತೇ?' ಎಂದಿರಲಿ. ದನಿ ಸಂದೇಶ ತರಿಸುವುದಾದರೆ ಯಾತಕ್ಕೆ ಬಳಸುತ್ತೀರಿ, ಯಾವಾಗ ಅಳಿಸುತ್ತೀರಿ ಎಂದು ಮೇಲೆ ಒಂದು ಸಾಲು ಸೇರಿಸಿ. ಪರದೆಯ ಫೋಟೊ ಕೇಳಿದರೆ ರೈತರ ಹೆಸರು, ಬ್ಯಾಂಕ್ ಖಾತೆ ನಂಬರ್ ಮುಚ್ಚಿ ಕಳಿಸಲು ಹೇಳಿ.

ಎಂಟ್ರಿಯ ಪ್ರಶ್ನೆಯನ್ನೂ ಬದಲಿಸಿ. 'ಉಂಟೇ' ಎಂದರೆ ಮುನೀಮ ತನ್ನ ಮೇಲೆ ಬರುತ್ತದೆಂದು ಹೆದರಿ ಇಲ್ಲ ಎನ್ನುತ್ತಾನೆ. 'ಮಾಡಿದ ಎಂಟ್ರಿ ವರದಿಯಲ್ಲಿ ಕಾಣದೆ ಮತ್ತೆ ಹಾಕಬೇಕಾದದ್ದು ಕೊನೆಯ ಸಲ ಯಾವಾಗ?' ಎಂದು ಕೇಳಿ. 'ಹಾಗೆ ಆಗಿಲ್ಲ' ಎಂಬ ಆಯ್ಕೆ ಕೊನೆಯಲ್ಲಿರಲಿ.